ಪ್ರಶ್ನೆ ಕೇಳುವ ಮಗುವಿನ ಬಾಯಿ ಮುಚ್ಚಿಸಬೇಡಿ
(ಜುಮಾ ಪ್ರವಚನದ ಸಾರಾಂಶ)



ಶಾಲೆಗಳಿಗೆ ರಜೆ ಬಂತು. ನಮ್ಮ ಮಸೀದಿಯಲ್ಲಿ ಮಕ್ಕಳ ಬೇಸಿಗೆ ಶಿಬಿರ ಶುರುವಾಗಲಿದೆ. ಸೂರಾಗಳ ಕಂಠಪಾಠ, ನಮಾಝಿನ ಕ್ರಮ, ದುಆಗಳು ಎಂದಿನಂತೆ ಇರುತ್ತವೆ. ಈ ಸಲ ಅಸರ್ ಬಳಿಕ ಅರ್ಧ ಗಂಟೆ ಒಂದು ಹೊಸ ತರಗತಿಯೂ ಇದೆ. ಅಲ್ಲಿ ಮಕ್ಕಳು ದುಂಡಗೆ ಕೂತು ಒಂದೇ ಪ್ರಶ್ನೆಯ ಬಗ್ಗೆ ಯೋಚಿಸಿ ಮಾತಾಡುತ್ತಾರೆ. "ಮಕ್ಕಳಿಗೆ ಫಲ್ಸಫಾ ಯಾಕೆ ಹಜ್ರತ್? ಈಮಾನಿಗೆ ಧಕ್ಕೆ ಬಂದೀತು" ಎಂದು ಕೆಲವು ಹಿರಿಯರು ಹೇಳಿದ್ದಾರೆ. ಉತ್ತರಿಸುವ ಮುನ್ನ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ.

ಹೋದ ವರ್ಷದ ಶಿಬಿರದಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ನಮ್ಮ ನಾನಿ ಖಬರಿನೊಳಗೆ ಇದ್ದಾರಾ, ಅಲ್ಲಾಹನ ಹತ್ತಿರ ಇದ್ದಾರಾ?" ನನಗೆ ಪಾಠ ಮುಗಿಸುವ ಅವಸರ. "ಹಾಗೆಲ್ಲ ಕೇಳಬಾರದು, ಕೂತ್ಕೋ" ಎಂದೆ. ಅವನು ಕೂತ. ಶಿಬಿರ ಮುಗಿಯುವವರೆಗೆ ಮತ್ತೆ ಏನನ್ನೂ ಕೇಳಲಿಲ್ಲ. ನಾನಿ ತೀರಿಕೊಂಡು ಎರಡೇ ವಾರವಾಗಿತ್ತೆಂದು ನನಗೆ ಆಮೇಲೆ ತಿಳಿಯಿತು.

ಪ್ರವಾದಿಯವರು(ಸ) ಹೀಗೆ ಮಾಡುತ್ತಿರಲಿಲ್ಲ. ಸ್ವತಃ ಪ್ರಶ್ನೆ ಕೇಳಿ ಯೋಚನೆಗೆ ಹಚ್ಚುತ್ತಿದ್ದರು. ಎಲೆ ಉದುರದ, ಮುಸ್ಲಿಮನನ್ನು ಹೋಲುವ ಮರ ಯಾವುದೆಂದು ಒಮ್ಮೆ ಕೇಳಿದರು. ಈ ಪ್ರಸಂಗ ಸಹೀಹ್ ಬುಖಾರಿಯಲ್ಲಿದೆ. ಎಲ್ಲರೂ ಕಾಡಿನ ಮರಗಳನ್ನು ನೆನೆದರು. ಅದು ಖರ್ಜೂರದ ಮರವೆಂದು ಎಳೆಯ ಅಬ್ದುಲ್ಲಾ ಬಿನ್ ಉಮರ್‌ರಿಗೆ(ರ) ಹೊಳೆದಿತ್ತು. ಹಿರಿಯರೆಲ್ಲ ಸುಮ್ಮನಿದ್ದುದರಿಂದ ಅವರೂ ನಾಚಿ ಸುಮ್ಮನಾದರು. ಇದನ್ನು ತಿಳಿದಾಗ ತಂದೆ ಉಮರ್(ರ) ಏನು ಹೇಳಿದರು ಗೊತ್ತೇ? ನೀನು ಹೇಳಿದ್ದರೆ ನನಗೆ ಎಷ್ಟೋ ಸಂತೋಷವಾಗುತ್ತಿತ್ತು ಎಂದರು. ನಮ್ಮೆದುರು ಹೀಗೆ ಮೌನವಾಗಿ ಕೂತ ಮಕ್ಕಳು ಎಷ್ಟಿದ್ದಾರೋ!

ಪ್ರಶ್ನೆ ಈಮಾನಿನ ಶತ್ರುವಲ್ಲ. ಸತ್ತವರನ್ನು ಹೇಗೆ ಎಬ್ಬಿಸುವೆ ಎಂದು ಹಝ್ರತ್ ಇಬ್ರಾಹೀಮರು(ಅ) ಅಲ್ಲಾಹನನ್ನೇ ಕೇಳಿದ್ದು ಸೂರಃ ಅಲ್ ಬಕರಃದಲ್ಲಿದೆ. ಅವರಿಗೆ ವಿಶ್ವಾಸವಿತ್ತು, ಮನಸ್ಸಿನ ಸಮಾಧಾನ ಬೇಕಿತ್ತು. ಅಲ್ಲಾಹನು ಗದರಲಿಲ್ಲ, ತೋರಿಸಿಕೊಟ್ಟನು.

12ನೇ ಶತಮಾನದ ಅಂದಲೂಸಿನ ವೈದ್ಯ ಇಬ್ನು ತುಫೈಲ್ 'ಹಯ್ ಬಿನ್ ಯಕ್ಝಾನ್' ಎಂಬ ಕಥೆ ಬರೆದರು. ದ್ವೀಪವೊಂದರಲ್ಲಿ ಒಂಟಿಯಾಗಿರುವ ಮಗುವನ್ನು ಜಿಂಕೆ ಸಾಕುತ್ತದೆ. ಜಿಂಕೆ ಸತ್ತಾಗ ಹುಡುಗ ಕಂಗಾಲಾಗುತ್ತಾನೆ. ದೇಹ ಇಲ್ಲೇ ಇದೆ, ನನ್ನನ್ನು ಪ್ರೀತಿಸಿದ ಆ ಜೀವ ಎಲ್ಲಿಗೆ ಹೋಯಿತು ಎಂದು ಹುಡುಕುತ್ತಾನೆ. ಯೋಚಿಸುತ್ತ ಯೋಚಿಸುತ್ತ ಕೊನೆಗೆ ಸೃಷ್ಟಿಕರ್ತನನ್ನು ಅರಿಯುತ್ತಾನೆ. 1671ರಲ್ಲಿ ಈ ಕೃತಿ ಆಕ್ಸ್‌ಫರ್ಡ್‌ನಲ್ಲಿ ಲ್ಯಾಟಿನ್ ಅನುವಾದದೊಂದಿಗೆ ಅಚ್ಚಾಯಿತು. ಅದನ್ನು ಓದುವಾಗ ನನಗೆ ಆ ಹುಡುಗನ ಮುಖ ಕಣ್ಣೆದುರು ಬಂತು. ಅವನು ಕೇಳಿದ್ದೂ ಅದನ್ನೇ.

ಹಾಗೆಂದು ಎಲ್ಲವೂ ಬುದ್ಧಿಗೆ ಎಟುಕುವುದಿಲ್ಲ. ಬರ್ಝಖಿನ ಸ್ಥಿತಿ ವಹೀಯ ಮೂಲಕವಷ್ಟೇ ನಮಗೆ ತಿಳಿಯುತ್ತದೆ. ಅಲ್ಲಾಹನು ಮತ್ತು ರಸೂಲರು(ಸ) ತಿಳಿಸಿದಷ್ಟನ್ನು ಹೇಳಿ, ಮುಂದಿನದು ಅಲ್ಲಾಹನಿಗೇ ಗೊತ್ತು ಎನ್ನಬಹುದಿತ್ತು. ಇಮಾಮ್ ಮಾಲಿಕರಂಥ(ರ) ವಿದ್ವಾಂಸರೇ ಎಷ್ಟೋ ಪ್ರಶ್ನೆಗಳಿಗೆ ಗೊತ್ತಿಲ್ಲ ಎಂದವರು. ನಮಗೇಕೆ ಸಂಕೋಚ?

ಹೋದ ಭಾನುವಾರ ಕೆಲವು ಮಕ್ಕಳನ್ನು ಕೂರಿಸಿಕೊಂಡು ಕೇಳಿದೆ: "ಅಂಗಡಿಯವನು ಮರೆತು ಹತ್ತು ರೂಪಾಯಿ ಹೆಚ್ಚು ಚಿಲ್ಲರೆ ಕೊಟ್ಟ. ಯಾರೂ ನೋಡಲಿಲ್ಲ. ವಾಪಸ್ ಯಾಕೆ ಕೊಡಬೇಕು?" ಒಬ್ಬ "ಅಲ್ಲಾಹನು ನೋಡುತ್ತಾನೆ" ಎಂದ. ಇನ್ನೊಬ್ಬ "ಅಂಗಡಿಯವನಿಗೆ ನಷ್ಟ" ಎಂದ. ಪುಟ್ಟ ಹುಡುಗಿಯೊಬ್ಬಳು "ಭಯ ಇಲ್ಲದಿದ್ದರೆ ಕೊಡುತ್ತಿರಲಿಲ್ಲವಾ?" ಎಂದಳು. ಅರ್ಧ ಗಂಟೆ ಸಾಲಲಿಲ್ಲ. ಇಹ್ಸಾನ್ ಎಂದರೇನು ಎಂಬ ಪಾಠಕ್ಕೆ ಮಕ್ಕಳೇ ಬಾಗಿಲು ತೆರೆದಿದ್ದರು.

ಪೋಷಕರೇ, ಮನೆಯಲ್ಲಿ ಮಗು ಕೇಳಿದಾಗ ಗದರಬೇಡಿ. "ನಿನಗೇನನಿಸುತ್ತದೆ?" ಎಂದು ಮೊದಲು ಕೇಳಿ. ಗೊತ್ತಿಲ್ಲದಿದ್ದರೆ "ತಿಳಿದವರನ್ನು ಕೇಳಿ ಹೇಳುತ್ತೇನೆ" ಎನ್ನಿ, ಮರೆಯದೆ ಹೇಳಿ. ಇಲ್ಲಿ ಬಾಯಿ ಮುಚ್ಚಿಸಿದರೆ ಪ್ರಶ್ನೆ ಸಾಯುವುದಿಲ್ಲ. ಅದು ಮೊಬೈಲಿನಲ್ಲಿ ಉತ್ತರ ಹುಡುಕುತ್ತದೆ.

ಈ ವಾರ ಆ ಹುಡುಗನ ಮನೆಗೆ ಹೋಗಿ ಮಾಫಿ ಕೇಳಿದೆ. ಶಿಬಿರಕ್ಕೆ ಬರುತ್ತೇನೆ ಎಂದಿದ್ದಾನೆ. ಮೊದಲ ದಿನದ ಪ್ರಶ್ನೆ ಅವನದೇ.

ಅಲ್ಲಾಹನು ನಮ್ಮ ಮಕ್ಕಳಿಗೆ ಪ್ರಯೋಜನಕಾರಿ ಜ್ಞಾನವನ್ನೂ, ನಮಗೆ ಅವರ ಮಾತು ಕೇಳುವ ತಾಳ್ಮೆಯನ್ನೂ ಕರುಣಿಸಲಿ. ಆಮೀನ್.