ನಮ್ಮ ಎಳ್ಳು ಯಾರು ಇಸ್ಕೊಳ್ತಾರೆ?

(ಸಂಕ್ರಾಂತಿಗೆ ಮುಂಚೆ ಕೊಣನೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳು)



ಇನ್ನು ನಾಲ್ಕು ದಿನಕ್ಕೆ ಸಂಕ್ರಾಂತಿ. ನಿಮ್ಮಲ್ಲಿ ಬಹಳ ಜನ ನಾಳೆ ನಾಡಿದ್ದರಲ್ಲಿ ಬಸ್ಸು ಹತ್ತಿ ಊರಿಗೆ ಹೋಗ್ತೀರಿ. ಹೋಗುವ ಮುಂಚೆ ಒಂದು ಸಣ್ಣ ವಿಷಯ ಮಾತಾಡೋಣ ಅಂತ ಬಂದಿದ್ದೇವೆ. ಭೂಮಿ ಇದೆ, ಕೂಲಿ ಇದೆ, ದೌರ್ಜನ್ಯ ಇದೆ, ಇಷ್ಟೆಲ್ಲ ಇರುವಾಗ ಎಳ್ಳುಬೆಲ್ಲದ ಮಾತು ಯಾಕೆ ಅಂತ ಕೆಲವರು ನಗಬಹುದು. ನಗಲಿ. ಒಂದು ಹಿಡಿ ಎಳ್ಳಿನೊಳಗೆ ಜಾತಿ ಎಷ್ಟು ನೆಮ್ಮದಿಯಾಗಿ ಕೂತಿದೆ ಅಂತ ನೋಡಿದ ಮೇಲೆ ಆ ನಗು ಉಳಿಯುತ್ತೋ ಇಲ್ಲವೋ ನೋಡೋಣ.

ನಮ್ಮ ಈ ಹಳ್ಳಿಗಳಲ್ಲಿ ಸಂಕ್ರಾಂತಿ ಅಂದರೆ ದನದ ಹಬ್ಬ. ಹೊಳೆಯಲ್ಲೋ ಕಟ್ಟೆಯಲ್ಲೋ ದನದ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಸಾಯಂಕಾಲ ಕಿಚ್ಚು ಹಾಯಿಸುವುದು. ಎಳ್ಳು ಬೀರುವುದು ಬಹಳ ಮಟ್ಟಿಗೆ ಪೇಟೆಯವರ, ಮೇಲುಜಾತಿ ಮನೆಗಳ ಪದ್ಧತಿಯಾಗಿತ್ತು. ಎಳ್ಳು, ಬೆಲ್ಲ, ಕೊಬ್ಬರಿ, ಕಡ್ಲೆಕಾಯಿ ಬೀಜ, ಹುರಿಗಡಲೆ ಬೆರೆಸಿ, ಜೊತೆಗೊಂದು ಕಬ್ಬಿನ ತುಂಡು, ಸಕ್ಕರೆ ಅಚ್ಚು ಇಟ್ಟು ಹೆಣ್ಣುಮಕ್ಕಳು ತಟ್ಟೆ ಹಿಡಿದು ಮನೆಮನೆಗೆ ಹೋಗೋದು. ಶಾಲೆಯ ಜೊತೆ, ಟೀವಿಯ ಜೊತೆ, ಬೆಂಗಳೂರಿಗೆ ದುಡಿಯಕ್ಕೆ ಹೋಗಿ ಬಂದವರ ಜೊತೆ ಅದು ಕೇರಿಗೂ ಬಂತು. ಬಂದದ್ದಕ್ಕೆ ನಮ್ಮ ತಕರಾರಿಲ್ಲ. ಎಳ್ಳು ತಿಂದು ಒಳ್ಳೆ ಮಾತಾಡು ಅನ್ನೋದು ಒಳ್ಳೆಯ ಮಾತೇ.

ಈಗ ಕೇರಿಯ ಹುಡುಗಿಯೊಬ್ಬಳು ತಟ್ಟೆ ಹಿಡಿದು ಹೊರಟಳು ಅಂದ್ಕೊಳ್ಳಿ. ಕೇರಿಯ ಮನೆಗಳು ಮುಗಿದವು. ಊರಿನ ಬೀದಿಯಲ್ಲಿ ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂರುವ ಗೆಳತಿಯ ಮನೆ ಇದೆ. ಹೋದಳು. ಒಳಗಿಂದ ಗೌಡ್ತಿ ಬೈಯಲ್ಲ, ಆ ಕಾಲ ಹೋಯ್ತು. "ಅಲ್ಲೇ ಜಗಲಿ ಮೇಲೆ ಮಡಗಿ ಹೋಗು ಮಗ" ಅಂತಾಳೆ. ಪ್ರೀತಿಯಾಗೇ ಅಂತಾಳೆ. ಜಗಲಿ ಮೇಲಿನ ಎಳ್ಳು ಸಾಯಂಕಾಲಕ್ಕೆ ದನದ ಬಾನಿ ಸೇರುತ್ತೆ. (ದನದ ಹಬ್ಬ ತಾನೆ, ಅದೂ ತಿನ್ನಲಿ!) ಅದೇ ಗೌಡ್ತಿ ನಮ್ಮ ಅವ್ವಂದಿರಿಗೆ ಕೊಡುವಾಗ ಮಾತ್ರ ಧಾರಾಳ. "ಏನಮ್ಮಿ, ಸೆರಗು ಒಡ್ಡು" ಅಂತ ಮೇಲಿಂದ ಸುರೀತಾಳೆ. ಕೈಗೆ ಕೈ ತಾಕಲ್ಲ.

ಅವರು ಕೊಡಲ್ಲ ಅನ್ನೋದು ನಮ್ಮ ದೂರಲ್ಲ. ಕೊಡ್ತಾರೆ, ತಲೆತಲಾಂತರದಿಂದ ಕೊಟ್ಟಿದ್ದಾರೆ. ನಮ್ಮದನ್ನ ಇಸ್ಕೊಳ್ಳಲ್ಲ. ಗಂಟು ಇರುವುದು ಅಲ್ಲಿ.

ಪಾತ್ರೆಯ ಲೆಕ್ಕ ನೋಡಿ. ಊರಿನಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಪಾಯಸ ಹೋದರೆ ಆ ಪಾತ್ರೆ ಬರಿದಾಗಿ ವಾಪಸ್ ಬರಬಾರದು. ಒಂದು ಚಿಟಿಕೆ ಸಕ್ಕರೆಯಾದರೂ ಹಾಕಿ ಕಳಿಸಬೇಕು. ಇದು ಎಲ್ಲರಿಗೂ ಗೊತ್ತಿರುವ ರೂಢಿ. ಮಾರ್ಸೆಲ್ ಮಾಸ್ ಅನ್ನುವ ಫ್ರೆಂಚ್ ವಿದ್ವಾಂಸ 1925ರಲ್ಲಿ ಉಡುಗೊರೆಯ ಬಗ್ಗೆ ಒಂದು ದೊಡ್ಡ ಪ್ರಬಂಧ ಬರೆದ. ಕೊಡಬೇಕು, ಇಸ್ಕೊಳ್ಳಬೇಕು, ತಿರುಗಿ ಕೊಡಬೇಕು, ಈ ಮೂರೂ ಸೇರಿದರೇ ಮನುಷ್ಯರ ನಡುವೆ ಸಂಬಂಧ ಅಂತ ತೋರಿಸಿದ. ನಮ್ಮ ಅಜ್ಜಿಯರು ಅದನ್ನ ಸಕ್ಕರೆ ಚಿಟಿಕೆಯಲ್ಲಿ ಹೇಳಿದ್ದರು. ಸರಿ, ಹಬ್ಬದ ದಿನ ಊರಿಗೂ ಕೇರಿಗೂ ನಡುವೆ ಓಡಾಡಿದ ಪಾತ್ರೆ ಯಾರದು? ನಮ್ಮದು. ನಮ್ಮ ಅವ್ವನ ಅಲ್ಯೂಮಿನಿಯಂ ಪಾತ್ರೆ ಖಾಲಿ ಹೋಗಿ, ಹಿತ್ತಲ ಬಾಗಿಲಲ್ಲಿ ಕಾದು, ತುಂಬಿಕೊಂಡು ಬರುತ್ತಿತ್ತು. ಅವರ ಪಾತ್ರೆ ಒಂದು ದಿನವೂ ಕೇರಿಗೆ ಬರಲಿಲ್ಲ. ಬಂದಿದ್ದರೆ ನಾವು ತುಂಬಿ ಕಳಿಸಬೇಕಾಗಿತ್ತಲ್ಲ!

ಹಾಗೆ ತುಂಬಿಕೊಂಡು ಬಂದದ್ದನ್ನ ನಮ್ಮ ಹಿರಿಯರು ಹಬ್ಬದೂಟ ಅಂದರು, ಅವರು ದಾನ ಅಂದರು. ನಿಜ ಹೇಳಬೇಕೆಂದರೆ ಅದು ಕೂಲಿ. ತೋಟಿ ತಳವಾರಿಕೆ ಮಾಡಿದ್ದಕ್ಕೆ, ತಮಟೆ ಬಡಿದದ್ದಕ್ಕೆ, ಸತ್ತ ದನ ಎಳೆದದ್ದಕ್ಕೆ ಬರಬೇಕಾದ ಕೂಲಿಯ ಒಂದು ಪಾಲನ್ನ ಹಬ್ಬದ ಹೆಸರಲ್ಲಿ, ಅದೂ ಮಿಕ್ಕ ಮೇಲೆ, ಕೊಟ್ಟರು. ಮಂಡ್ಯ, ಮೈಸೂರು ಕಡೆ ಒಂದೊಂದು ಒಕ್ಕಲು ಮನೆಗೆ ಒಂದೊಂದು ಹೊಲೆಯರ ಮನೆಯನ್ನ ಗಂಟುಹಾಕಿ "ಹಳೇಮಕ್ಕಳು" ಅಂತ ಕರೆದರು. ಮಕ್ಕಳಂತೆ! ಯಾವ ಮಕ್ಕಳು ಹಿತ್ತಲ ಬಾಗಿಲಲ್ಲಿ ಉಣ್ಣುತ್ತವೆ? ಜೀತದಾಳಿಗೆ ವರ್ಷಕ್ಕೊಂದು ಕಂಬಳಿ, ಒಂದು ಜೊತೆ ಎಕ್ಕಡ ಕೊಟ್ಟಾಗಲೂ ಇದೇ ಮಾತು, "ನಿನಗೇನ್ಲಾ ಕಮ್ಮಿ ಮಾಡಿದ್ದೀವಿ?" 1961ರ ಕಾಯ್ದೆ ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನ ತೆಗೆಯಿತು, 1976ರ ಕಾಯ್ದೆ ಜೀತವನ್ನ ತೆಗೆಯಿತು. ಸೆರಗು ಒಡ್ಡುವುದನ್ನ ಯಾವ ಕಾಯ್ದೆಯೂ ತೆಗೆಯಲಿಲ್ಲ.

ಬಾಬಾಸಾಹೇಬರು 1927ರ ಮಾರ್ಚ್‌ನಲ್ಲಿ ಮಹಾಡಿನಲ್ಲಿ ನಮ್ಮ ಜನರನ್ನ ಸೇರಿಸಿದರಲ್ಲ, ಅಲ್ಲಿ ಕೆರೆಯ ನೀರು ಮುಟ್ಟಿದ್ದನ್ನ ಎಲ್ಲರೂ ಹೇಳ್ತೀವಿ. ಆ ಸಭೆಯಲ್ಲೇ ಅವರು ಸತ್ತ ದನದ ಮಾಂಸ ಬಿಡಿ, ಮನೆಮನೆಯ ತಂಗಳು ಎಂಜಲು ಬೇಡುವುದನ್ನ ಬಿಡಿ ಅಂತಲೂ ಹೇಳಿದ್ದರು. ನೀರಿಗೆ ಕೈ ಚಾಚುವುದೂ ಎಂಜಲಿಂದ ಕೈ ಹಿಂದಕ್ಕೆ ತೆಗೆಯುವುದೂ ಅವರಿಗೆ ಒಂದೇ ಕೆಲಸವಾಗಿ ಕಂಡಿತ್ತು.

ಹರಳಯ್ಯನ ಕಥೆ ನಿಮಗೆ ಗೊತ್ತು. ಕಲ್ಯಾಣದಲ್ಲಿ ಈತ ಶರಣು ಅಂದ, ಬಸವಣ್ಣ ಶರಣು ಶರಣಾರ್ಥಿ ಅಂದರು. ಒಂದು ಶರಣು ಹೆಚ್ಚಾಯಿತಲ್ಲ, ಆ ಸಾಲ ತೀರಿಸುವುದು ಹೇಗೆ ಅಂತ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಮೆಟ್ಟು ಮಾಡಿಕೊಟ್ಟರು. ಬಸವಣ್ಣ ಅದನ್ನ ಮೆಟ್ಟಲಾರದೆ ತಲೆ ಮೇಲೆ ಇಟ್ಟುಕೊಂಡರು. ಭಕ್ತಿಯ ಕಥೆ ಅಂತ ಹೇಳಿ ಮುಗಿಸ್ತಾರೆ. ನಮಗೆ ಬೇರೆ ಕಾಣುತ್ತೆ. ಒಂದೇ ಒಂದು ಶರಣು ಹೆಚ್ಚಿಗೆ ಸಿಕ್ಕಿದ್ದಕ್ಕೆ ಚರ್ಮ ಸುಲಿದು ಕೊಡಬೇಕು ಅನ್ನಿಸುವಷ್ಟು ಆ ಮನುಷ್ಯನಿಗೆ ಮರ್ಯಾದೆ ಅಪರೂಪವಾಗಿತ್ತು. ಆ ಕೊಡುಕೊಳ್ಳುವಿಕೆ ಮೆಟ್ಟಿಗೆ ನಿಲ್ಲಲಿಲ್ಲ. ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆಯಾಯಿತು, ಬಿಜ್ಜಳ ಇಬ್ಬರು ತಂದೆಯರನ್ನೂ ಕೊಲ್ಲಿಸಿದ. ಇಸ್ಕೊಳ್ಳೋಕೆ ಶುರು ಮಾಡಿದರೆ ಎಲ್ಲಿಗೆ ಹೋಗಿ ಮುಟ್ಟುತ್ತೆ ಅಂತ ಜಾತಿಗೆ ಅವತ್ತೇ ಗೊತ್ತಿತ್ತು. ಜಗಲಿ ಮೇಲೆ ಮಡಗಿಸುವ ಗೌಡ್ತಿಗೂ ಒಳಗೊಳಗೆ ಗೊತ್ತು.

ಇದೆಲ್ಲ ಹಳೇ ಕಥೆ ಅನ್ನಬೇಡಿ. 2015ರಲ್ಲಿ ನಮ್ಮ ಪಕ್ಕದ ಹೊಳೆನರಸೀಪುರ ತಾಲ್ಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಣ್ಣುಮಕ್ಕಳು ಬಸವೇಶ್ವರ ದೇವಸ್ಥಾನದ ಒಳಗೆ ಹೋದರು ಅಂತ ದಂಡ ಹಾಕಿದರು. ಬಸವೇಶ್ವರನ ಹೆಸರಿನ ಗುಡಿ! ಅಲ್ಲಿಗಾದರೆ ಕಾನೂನು ಬರುತ್ತೆ. ಗುಡಿ, ಬಾವಿ, ಹೋಟೆಲು, ಅಂಗಡಿ, ಇವುಗಳಿಗೆ 1955ರ ಕಾಯ್ದೆ ಇದೆ, 1989ರ ಕಾಯ್ದೆ ಇದೆ. ಎಳ್ಳು ಇಸ್ಕೊಳ್ಳಲಿಲ್ಲ ಅಂತ ಯಾವ ಠಾಣೆಯಲ್ಲಿ ದೂರು ಬರೆಸ್ತೀರಿ? ಹೊಸ್ತಿಲ ಒಳಗೆ ಕಾನೂನು ಇಲ್ಲ, ಅಲ್ಲಿಗೆ ನಾವೇ ಹೋಗಬೇಕು.

ಪೇಟೆಯಲ್ಲಿ ಇದಕ್ಕೊಂದು ಉಪಾಯ ಬಂದಿದೆ, ಪ್ಲಾಸ್ಟಿಕ್ ಕವರು. ಅಂಗಡಿಯ ಎಳ್ಳು, ಅಂಗಡಿಯ ಕವರು, ನಮ್ಮ ಕೈ ತಾಕಿದ್ದು ಕವರಿಗೆ ಮಾತ್ರ. ಹಾಗಾದರೆ ಇಸ್ಕೊಳ್ತಾರೆ, ನಗ್ತಾ ಇಸ್ಕೊಳ್ತಾರೆ. ಅದೇ ನಮ್ಮ ಅವ್ವ ಮನೆಯಲ್ಲಿ ಹುರಿದು ಬೆರೆಸಿದ್ದು ಅಂತ ಹೇಳಿ ಕೊಟ್ಟು ನೋಡಿ. ಇನ್ನು ಗೌರಿ ಹಬ್ಬದ ಬಾಗಿನ. ಮೊರ ಹೆಣೆದವರು ಮೇದರು, ಅವರ ಮನೆಗೆ ಆ ಮೊರದಲ್ಲಿ ಬಾಗಿನ ಹೋಗುತ್ತಾ? ಕಟ್ಟೆ ತುಂಬಿದರೆ ಮಂತ್ರಿಗಳು ಬಂದು ಹೊಳೆಗೆ ಬಾಗಿನ ಬಿಡ್ತಾರೆ. ಹೊಳೆಗೆ ಸಿಕ್ಕಷ್ಟು ಮರ್ಯಾದೆ ಹೊಳೆದಂಡೆಯ ಕೇರಿಗೆ ಇಲ್ಲ.

ಊರವರ ಮಾತು ಸಾಕು, ನಮ್ಮ ಮನೆಗೆ ಬರೋಣ. ಯುಗಾದಿ ಮಾರನೆ ದಿನ ಹೊಸತೊಡಕಿಗೆ ಗುಡ್ಡೆ ಬಾಡು ಹಾಕುವುದನ್ನ ನೋಡಿದ್ದೀರಿ. ದುಡ್ಡು ಕೂಡಿಸಿ ಕುರಿಯೋ ಮೇಕೆಯೋ ತಂದು, ಸಮನಾಗಿ ಗುಡ್ಡೆ ಮಾಡುತ್ತಾರೆ. ಮೂಳೆ, ಈಲಿ, ಕರುಳು ಎಲ್ಲ ಎಲ್ಲ ಗುಡ್ಡೆಗೂ ಹಂಚಬೇಕು. ಯಜಮಾನನ ಗುಡ್ಡೆಯೂ ಒಂಟಿ ಮುದುಕಿಯ ಗುಡ್ಡೆಯೂ ಒಂದೇ ಅಳತೆ. ಹೆಚ್ಚುಕಮ್ಮಿಯಾದರೆ ಅಲ್ಲೇ ಜಗಳ. ಸಮಪಾಲು ಅಂದರೇನು ಅಂತ ನಮಗೆ ಪುಸ್ತಕ ಹೇಳಿಕೊಡಬೇಕಾಗಿಲ್ಲ. ಆದರೆ ಹೊಲಗೇರಿಯ ಗುಡ್ಡೆ ಹೊಲಗೇರಿಗೆ, ಮಾದಿಗರ ಕೇರಿಯದು ಮಾದಿಗರ ಕೇರಿಗೆ. ನಡುವೆ ಇರುವುದು ಎಷ್ಟೋ ಕಡೆ ಒಂದು ಓಣಿ, ಒಂದು ಚರಂಡಿ. ಅದನ್ನ ದಾಟಿ ಎಳ್ಳಿನ ತಟ್ಟೆ ಹೋಗುತ್ತಾ? ಇಲ್ಲಿ ಕೂತ ಎರಡೂ ಕೇರಿಯ ಹುಡುಗರು ಹಾಸ್ಟೆಲಿನಲ್ಲಿ ಒಂದೇ ಸಾರು ಉಣ್ತೀರಿ. ರಜಕ್ಕೆ ಊರಿಗೆ ಹೋದ ಮೇಲೆ? ನಿಮ್ಮ ಮನೆಯ ಎಳ್ಳು ಮೊದಲು ಆ ಚರಂಡಿ ದಾಟಲಿ. ಗೌಡರ ಬೀದಿ ಆಮೇಲೆ.

ಕಷ್ಟದ ಮಾತು ಇನ್ನೊಂದಿದೆ. ಗೌಡರ ಮನೆಯಿಂದ ಬಂದದ್ದನ್ನ ಇಸ್ಕೊಬೇಡ ಅಂತ ನೀವು ಅವ್ವನಿಗೆ ಹೇಳ್ತೀರಿ. ಅವ್ವ ಏನಂತಾಳೆ? "ನೀನು ಹಾಸ್ಟೆಲಿಗೆ ಹೊಂಟೋಯ್ತೀಯ ಮಗ. ನಾಳೆ ಅವರ ಹೊಗೆಸೊಪ್ಪಿನ ಹೊಲಕ್ಕೆ ಕಳೆ ಕೀಳಕ್ಕೆ ಹೋಗೋಳು ನಾನು." ಅದಕ್ಕೆ ನಿಮ್ಮ ಹತ್ತಿರ ಉತ್ತರ ಇದೆಯಾ? ನಮ್ಮ ಹತ್ತಿರವೂ ಪೂರಾ ಇಲ್ಲ. ಅವಳ ಸೆರಗನ್ನ ಕಿತ್ತುಕೊಳ್ಳುವ ಹಕ್ಕು ನಮಗಿಲ್ಲ, ಅದರಲ್ಲಿ ಅವಳ ಕೂಲಿ ಕಟ್ಟಿದೆ. ಗಂಡುಹುಡುಗರು ವೀರಾವೇಶದಲ್ಲಿ ತಟ್ಟೆ ಎಸೆದು ಬರುವುದು, ಮಾರನೆ ದಿನ ಅವ್ವ ಹೋಗಿ ಕೈಮುಗಿಯುವುದು, ಇದನ್ನ ಚಳವಳಿ ಅನ್ನಬೇಡಿ.

ನಾವು ಕೇಳುವುದು ಇಷ್ಟು. ನಿಮ್ಮ ಪಾಲಿನದನ್ನ ನೀವು ಕೈಯಲ್ಲಿ ಇಸ್ಕೊಳ್ಳಿ, ಸೆರಗಲ್ಲಿ, ಟವೆಲಲ್ಲಿ ಬೇಡ. ಇಸ್ಕೊಂಡ ಮನೆಗೆ ನಿಮ್ಮ ಮನೆಯ ಎಳ್ಳು ತಗೊಂಡು ಹೋಗಿ. "ಅಕ್ಕಾರೆ, ನಮ್ಮ ಅವ್ವ ಮಾಡಿದ್ದು, ತಗೊಳ್ಳಿ" ಅಂತ ನಿಂತ್ಕೊಳ್ಳಿ. ಜಗಲಿ ಮೇಲೆ ಮಡಗು ಅಂದರೆ ಮಡಗಬೇಡಿ. ಬೈಯದೆ, ತಟ್ಟೆ ಸಮೇತ ವಾಪಸ್ ಬನ್ನಿ. ಮುಂದಿನ ಸಲ ಆ ಮನೆಯದು ನಿಮಗೂ ಬೇಡ. ಇಸ್ಕೊಳ್ಳುವವರೂ ಇರ್ತಾರೆ, ಅದನ್ನೂ ಹೇಳಬೇಕು. ನಿಮ್ಮ ಜೊತೆ ಓದುವ ಹುಡುಗ ಅವನ ಅಮ್ಮನ ಎದುರಲ್ಲೇ ಒಂದು ಹಿಡಿ ಬಾಯಿಗೆ ಹಾಕ್ಕೊಂಡ ಅಂದರೆ ಅವತ್ತು ರಾತ್ರಿ ಅವನ ಮನೆಯಲ್ಲೂ ಒಂದು ಮಾತುಕತೆ ನಡೆಯುತ್ತೆ. ಅದನ್ನ ನಾವು ಇಲ್ಲಿಂದ ಮಾಡಿಸಕ್ಕಾಗಲ್ಲ.

ಹೆಣ್ಣುಮಕ್ಕಳು ಒಬ್ಬೊಬ್ಬರೇ ಹೋಗಬೇಡಿ, ಮೂರು ನಾಲ್ಕು ಜನ ಸೇರಿ ಹೋಗಿ. ರಜ ಮುಗಿದು ಬಂದ ಮೊದಲನೇ ಭಾನುವಾರ ಮತ್ತೆ ಇಲ್ಲೇ ಕೂರೋಣ. ಯಾವ ಬೀದಿ, ಎಷ್ಟು ಮನೆ, ಯಾರು ಕೈಯಲ್ಲಿ ಇಸ್ಕೊಂಡರು, ಯಾರು ಜಗಲಿ ತೋರಿಸಿದರು, ಚರಂಡಿ ದಾಟಿದ್ದು ಎಷ್ಟು ತಟ್ಟೆ, ಎಲ್ಲ ನೋಟ್‌ಬುಕ್ಕಲ್ಲಿ ಬರೆದುಕೊಂಡು ಬನ್ನಿ.