ಆಯಿ, ಇನ್ನೊಮ್ಮೆ ಹೆಸರು ಹೇಳು

ಹುಮನಾಬಾದ್ ಬಳಿಯ ದುಬಲಗುಂಡಿಯಂಥ ಊರಿನಲ್ಲಿ 1975ರ ಸುಮಾರಿಗೆ ಮದುವೆಯಾದವರಿಗೆ ಈಗ ಐವತ್ತರ ಸಂಭ್ರಮ. ಮಕ್ಕಳು ಕೇಕು ತರುತ್ತಾರೆ, ಶಾಲು ಹೊದಿಸುತ್ತಾರೆ. ನನಗೆ ಇಷ್ಟವಾಗುವುದು ಅದರ ನಂತರದ ಹೊತ್ತು; ಬೀಗರು, ಗೆಳೆಯರು ಒಬ್ಬೊಬ್ಬರಾಗಿ ನೆನಪು ತೆಗೆಯುವ ಹೊತ್ತು. 1972ರ ಬರ ಕಂಡ ಮನೆಗೆ ಬಂದ ಸೊಸೆ ಜೋಳದ ಹಿಟ್ಟನ್ನು ಎಷ್ಟು ಅಳೆದು ನಾದುತ್ತಿದ್ದಳೆಂದು ನಾದಿನಿಯೇ ಹೇಳಬೇಕು. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬಂದವರಿಗೆಲ್ಲ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಬಡಿಸಿ ಈಕೆ ಎಲ್ಲರಿಗಿಂತ ಕೊನೆಗೆ ಉಂಡದ್ದನ್ನು, ಅಲ್ಲಿಯವರೆಗೂ ಗಂಡ ಕಾದು ಕೂತದ್ದನ್ನು ಪಕ್ಕದ ಹೊಲದ ಗೆಳೆಯ ಹೇಳಬೇಕು. ಗಂಡ-ಹೆಂಡತಿ ತಾವಾಗಿ ಇದನ್ನೆಲ್ಲ ಹೇಳಿಕೊಳ್ಳುವವರಲ್ಲ.

ಜನರ ನೆನಪಿನಲ್ಲಿ ಉಳಿದ ಇಂಥ ಜೋಡಿ ಹಿಂದೆಯೂ ಇತ್ತು. 12ನೇ ಶತಮಾನದಲ್ಲಿ ಇಲ್ಲೇ ಹತ್ತಿರದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಬಾಳಿದರು. ಇಬ್ಬರೂ ವಚನಕಾರರು. ಗಂಡ ಒಂದು ದಿನ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಇಷ್ಟು ಬೇಡ, ಅಲ್ಲೇ ಸುರಿದು ಬನ್ನಿ ಎಂದು ಕಳಿಸಿದವಳು ಲಕ್ಕಮ್ಮ. ಒಂದು ಅಡುಗೆಮನೆಯ ಆ ಮಾತನ್ನು ಜನ ಇಂದಿಗೂ ನೆನೆಯುತ್ತಾರೆ.

ಐವತ್ತರ ಸಂಭ್ರಮದಲ್ಲಿ ಎಲ್ಲರ ನೆನಪು ಮುಗಿದ ಮೇಲೆ, ಮದುವೆಯ ದಿನ ಒಡಪು ಕಟ್ಟಿ ಗಂಡನ ಹೆಸರು ಹೇಳಿದ್ದ ಅಜ್ಜಿಯನ್ನು ಮೊಮ್ಮಕ್ಕಳು ಸುತ್ತುವರಿಯಲಿ. "ಆಯಿ, ಇನ್ನೊಮ್ಮೆ ಮುತ್ಯಾನ ಹೆಸರು ಹೇಳು." ಆಯಿ ಸೆರಗು ಸರಿಮಾಡಿಕೊಳ್ಳುತ್ತಾಳೆ. ಮುತ್ಯಾ ತಲೆ ಬಗ್ಗಿಸಿ ಕಾಯುತ್ತಾನೆ.