ಮಾವನ ಮನೆ ಮತ್ತು ಮೂರು ಸಣ್ಣ ಪದಗಳು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಇಂದು ಇಂಗ್ಲಿಷ್ ಉಪನ್ಯಾಸಕನಾಗಿದ್ದೇನೆ. ಆದ್ದರಿಂದ ಮಕ್ಕಳಿಗೆ ಇಂಗ್ಲಿಷ್ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಮುಖ್ಯೋಪಾಧ್ಯಾಯರು ಕೇಳಿದರು. ನಾನು ಕಲಿತದ್ದನ್ನು ಹೇಳುವ ಮೊದಲು, ತಪ್ಪಿದ್ದನ್ನು ಹೇಳುತ್ತೇನೆ.

ಪದವಿ ಮುಗಿಸಿ ಕೆಲಸ ಹುಡುಕಿಕೊಂಡು ಬೆಂಗಳೂರಿಗೆ ಹೋದಾಗ ಸೋದರಮಾವನ ಮನೆಯಲ್ಲಿ ಉಳಿದಿದ್ದೆ. ಒಂದೇ ಕೋಣೆಯ ಮನೆ. ಇದ್ದ ಒಂದು ಮಂಚವನ್ನು ನನಗೆ ಬಿಟ್ಟುಕೊಟ್ಟು ಮಾವ ಅಡುಗೆಮನೆಯಲ್ಲಿ ಚಾಪೆ ಹಾಸಿಕೊಳ್ಳುತ್ತಿದ್ದರು. ಒಂದು ಸಂದರ್ಶನದಲ್ಲಿ, ಎಲ್ಲಿ ಉಳಿದುಕೊಂಡಿದ್ದೀರಿ ಎಂದು ಕೇಳಿದರು. ನಾನು ಧೈರ್ಯವಾಗಿ, 'ಐ ಆಮ್ ಪುಟ್ಟಿಂಗ್ ಅಪ್ ವಿತ್ ಮೈ ಅಂಕಲ್' ಎಂದೆ. ಎದುರಿಗಿದ್ದವರಲ್ಲಿ ಒಬ್ಬರು ನಕ್ಕು, 'ಪಾಪ, ಅಷ್ಟು ಕಷ್ಟದ ಮನುಷ್ಯನೇ?' ಎಂದರು. ನನಗೆ ಏನೂ ಅರ್ಥವಾಗಲಿಲ್ಲ. ಕೆಲಸವೂ ಸಿಗಲಿಲ್ಲ.

ಗ್ರಂಥಾಲಯಕ್ಕೆ ಹೋಗಿ ನಿಘಂಟು ತೆರೆದೆ. 'ಪುಟ್ ಅಪ್ ಅಟ್' ಎಂದರೆ ಒಂದು ಕಡೆ ತಂಗುವುದು. 'ಪುಟ್ ಅಪ್ ವಿತ್' ಎಂದರೆ ಸಹಿಸಿಕೊಳ್ಳುವುದು. ಮಂಚ ಬಿಟ್ಟುಕೊಟ್ಟ ಮಾವನನ್ನು 'ಹೇಗೋ ಸಹಿಸಿಕೊಂಡಿದ್ದೇನೆ' ಎಂದು ನಾಲ್ಕು ಜನರ ಮುಂದೆ ಹೇಳಿ ಬಂದಿದ್ದೆ! ಆಮೇಲೆ ಎಷ್ಟೋ ತಿಂಗಳು ಇಂಗ್ಲಿಷಿನಲ್ಲಿ ಬಾಯಿ ಬಿಡಲಿಲ್ಲ.

ಅಪ್, ಡೌನ್, ಔಟ್, ಆನ್, ಬ್ಯಾಕ್ ಇವು ಕ್ರಿಯಾಪದದ ಜೊತೆಗೆ ಬಂದಾಗ ಅಡ್ವರ್ಬ್ ಪಾರ್ಟಿಕಲ್ ಎನ್ನುತ್ತಾರೆ. ಅಟ್, ವಿತ್, ಆಫ್, ಟು ಇವು ಮುಂದಿನ ನಾಮಪದವನ್ನು ಹಿಡಿದುಕೊಳ್ಳುವ ಪ್ರಿಪೊಸಿಷನ್‌ಗಳು. ಇಂಗ್ಲಿಷ್ ಜನ ದಿನಬೆಳಗಾದರೆ ಇವೆರಡನ್ನೂ ಜೋಡಿಸಿ ಆಡುತ್ತಾರೆ. ನಾವು ಎಡವುವುದು ಇಲ್ಲಿಯೇ. ಆದರೆ ಮಕ್ಕಳೇ, ಈ ಜೋಡಿ ನಿಮಗೆ ಹೊಸದಲ್ಲ.

ಮನೆಯಲ್ಲಿ ಅಜ್ಜಿಯನ್ನು 'ಮೊರ ಎಲ್ಲಿ?' ಎಂದು ಕೇಳಿ. 'ಮೇಲೆ ಅಟ್ಟದಲ್ಲೈತೆ' ಅನ್ನುತ್ತಾರೆ. 'ಅಪ್ಪ ಎಲ್ಲಿ?' ಎಂದರೆ 'ಹೊರಗೆ ಜಗಲಿ ಮೇಲವ್ರೆ', 'ಕೆಳಗೆ ತೋಟಕ್ಕೆ ಹೋದ್ರು' ಅನ್ನುತ್ತಾರೆ. ಮೊದಲು ದಿಕ್ಕು, ಆಮೇಲೆ ಜಾಗ. ಇಂಗ್ಲಿಷಿನವರೂ ಹಾಗೆಯೇ ಹೇಳುತ್ತಾರೆ: 'ಅಪ್ ಇನ್ ದಿ ಆಟಿಕ್', 'ಔಟ್ ಆನ್ ದಿ ವೆರಾಂಡ', 'ಡೌನ್ ಟು ದಿ ಫಾರ್ಮ್'. ವ್ಯತ್ಯಾಸ ಒಂದೇ. ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ ವಿಭಕ್ತಿ ಪ್ರತ್ಯಯ ನಮ್ಮಲ್ಲಿ ಪದದ ಬಾಲಕ್ಕೆ ಅಂಟುತ್ತದೆ: ಅಟ್ಟದಲ್ಲಿ, ತೋಟಕ್ಕೆ. ಅವರಲ್ಲಿ ಆ ಕೆಲಸ ಮಾಡುವ ಪದ ನಾಮಪದದ ಮುಂದೆ ಬೇರೆಯಾಗಿ ನಿಲ್ಲುತ್ತದೆ.

ಎರಡನೆಯ ಬಗೆ ಹೀಗಿದೆ. ಸಕ್ಕರೆ ಮುಗಿದುಹೋದರೆ 'ವಿ ಹ್ಯಾವ್ ರನ್ ಔಟ್ ಆಫ್ ಶುಗರ್' ಎನ್ನುತ್ತಾರೆ. ಸಕ್ಕರೆಯ ಮಾತೇ ನಡೆಯುತ್ತಿದ್ದರೆ 'ವಿ ಹ್ಯಾವ್ ರನ್ ಔಟ್' ಎಂದರೆ ಸಾಕು. ಸಕ್ಕರೆ ಹೋದರೆ ಅದರ ಜೊತೆ 'ಆಫ್' ಕೂಡ ಹೋಗುತ್ತದೆ, 'ಔಟ್' ಮಾತ್ರ ಉಳಿಯುತ್ತದೆ. 'ಔಟ್' ಕ್ರಿಯಾಪದದ ನೆಂಟ, 'ಆಫ್' ಸಕ್ಕರೆಯ ನೆಂಟ.

ಅರ್ಜಿಗಳಲ್ಲಿ ನಾವು ಮಾಡುವ ಒಂದು ತಪ್ಪೂ ಇದರಿಂದ ತಿಳಿಯುತ್ತದೆ. 'ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು' ಎಂದು ಬರೆಯುತ್ತೇವೆ. 'ಟು ಮೀಟಿಂಗ್ ಯು' ಎಂದಿರಬೇಕು. ಇಲ್ಲಿನ 'ಟು' ಪ್ರಿಪೊಸಿಷನ್, ಅದಕ್ಕೆ ನಾಮಪದವೇ ಬೇಕು. ಅನುಮಾನ ಬಂದರೆ ಆ ಜಾಗದಲ್ಲಿ 'ಯುವರ್ ಲೆಟರ್' ಎಂದು ಹಾಕಿ ನೋಡಿ. ಅದು ಹೊಂದಿದರೆ 'ಮೀಟಿಂಗ್' ಕೂಡ ಹೊಂದುತ್ತದೆ.

ಮೂರನೆಯದು ನನ್ನನ್ನು ಕೆಡವಿದ ಬಗೆ. 'ಪುಟ್ ಅಪ್ ವಿತ್' ಅನ್ನು ಬಿಡಿಸಿ ನೋಡಿದರೆ ಇಡು, ಮೇಲೆ, ಜೊತೆ. ಸಹನೆ ಎಲ್ಲಿಯೂ ಸಿಗುವುದಿಲ್ಲ. 'ಕಮ್ ಅಪ್ ವಿತ್' ಎಂದರೆ ಹೊಸ ಉಪಾಯವನ್ನು ಹುಡುಕಿ ಹೇಳುವುದು. ಅಲ್ಲಿಯೂ ಯಾರೂ ಮೇಲೆ ಬರುವುದಿಲ್ಲ. ಇದೇನು ವಿಚಿತ್ರ ಅನ್ನಬೇಡಿ. 'ಗೆಳೆಯ ಕೈಕೊಟ್ಟ' ಎನ್ನುತ್ತೇವೆ. ಕೈಯೂ ಇದೆ, ಕೊಡುವುದೂ ಇದೆ, ಅರ್ಥ ಮಾತ್ರ ಮೋಸ. 'ಕೈಹಿಡಿದ' ಎಂದರೆ ಕಾಪಾಡಿದ, ಇಲ್ಲವೇ ಮದುವೆಯಾದ. ಕನ್ನಡ ಕಲಿಯಲು ಬಂದ ಹೊರನಾಡಿನವರೂ ಇದನ್ನು ಕೇಳಿ ತಲೆ ಕೆರೆದುಕೊಳ್ಳಬೇಕು. ಇಂಥವನ್ನು ಬಿಡಿಸಬಾರದು, ಗಂಟಾಗಿಯೇ ಕಲಿಯಬೇಕು.

ಇದು ಹಳ್ಳಿಯ ಮಕ್ಕಳಿಗೆ ಮಾತ್ರ ಕಷ್ಟ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಲಂಡನ್ನಿನ ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತಮ್ಮ ದೊಡ್ಡ ನಿಘಂಟನ್ನು ಪ್ರಕಟಿಸಿದರು. ಕ್ರಿಯಾಪದಕ್ಕೆ ಸಣ್ಣ ಪದ ಸೇರಿ ಅರ್ಥ ಬದಲಾಗುವ ಈ ಪದ್ಧತಿ ಹೊರಗಿನವರಿಗೆ ಅತ್ಯಂತ ಕಷ್ಟವಾದದ್ದು ಎಂದು ಅದರ ಮುನ್ನುಡಿಯಲ್ಲಿ ಅವರೇ ಒಪ್ಪಿಕೊಂಡಿದ್ದಾರೆ. ಇಂಗ್ಲಿಷಿನ ಪಂಡಿತರೇ ಕಷ್ಟ ಎಂದದ್ದಕ್ಕೆ ನಾವು ನಾಚಿಕೊಳ್ಳುವುದು ಏತಕ್ಕೆ?

ಮಕ್ಕಳೇ, ಪಟ್ಟಿ ಮಾಡಿ ಉರು ಹೊಡೆಯಬೇಡಿ. ದಿನಕ್ಕೆ ಒಂದೇ ಜೋಡಿ ಸಾಕು. ಅದನ್ನು ನಿಮ್ಮ ಮನೆಯ, ನಿಮ್ಮ ಹೊಲದ ಒಂದು ವಾಕ್ಯದಲ್ಲಿಟ್ಟು ಗಟ್ಟಿಯಾಗಿ ಹೇಳಿ. ತಪ್ಪಾದರೆ ಆಗಲಿ. ಗುರುಗಳಲ್ಲಿ ಮತ್ತು ಹಿರಿಯರಲ್ಲಿ ನನ್ನದೊಂದು ಬೇಡಿಕೆ: ಮಗು ತಪ್ಪು ಇಂಗ್ಲಿಷ್ ಆಡಿದಾಗ ತಿದ್ದಿ, ನಗಬೇಡಿ. ಆ ಒಂದು ನಗೆಗೆ ನಾನು ತಿಂಗಳುಗಟ್ಟಲೆ ಮೂಕನಾಗಿದ್ದೆ.

ನನ್ನ ಬಾಯಿ ತೆರೆಸಿದ್ದು ನನ್ನ ಮಾವ. ಒಂದು ರಾತ್ರಿ ಊಟಕ್ಕೆ ಕೂತಾಗ ತಡೆಯಲಾರದೆ ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಬೇಜಾರು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮಾವ ತುತ್ತು ಕೆಳಗಿಟ್ಟು, 'ನೀನು ಹೇಳಿದ್ದರಲ್ಲಿ ತಪ್ಪೇನೋ? ಆರು ತಿಂಗಳಿಂದ ನಾವೂ ನಿನ್ನ ಸಹಿಸಿಕೊಂಡಿಲ್ವ?' ಎಂದು ನಕ್ಕರು. ಅತ್ತೆಯೂ ನಕ್ಕರು, ನಾನೂ ನಕ್ಕೆ. ಆಮೇಲೆ ಮಾವ, 'ಮುಂದಿನ ಸಲ ಸರಿಯಾಗಿ ಹೇಳು, ನನ್ನ ಮರ್ಯಾದೆ ಉಳಿಸು' ಎಂದರು. ಮರುದಿನದಿಂದ ಮತ್ತೆ ಇಂಗ್ಲಿಷ್ ಆಡತೊಡಗಿದೆ.

ಮಾವ ಈಗಿಲ್ಲ. ಪ್ರತಿ ವರ್ಷ ಹೊಸ ತರಗತಿಗೆ ಈ ಮೂರು ಪದಗಳನ್ನು ಕಲಿಸುವಾಗ ಅವರ ಕಥೆಯನ್ನೇ ಹೇಳುತ್ತೇನೆ. ಆ ಪಾಠವನ್ನು ಮಾತ್ರ ಯಾವ ವಿದ್ಯಾರ್ಥಿಯೂ ಮರೆತಿಲ್ಲ.